ಒಳಗೊಬ್ಬ, ಹೊರಗೊಬ್ಬ



ಹರಿಗೋಲನ್ನು ನೀವೆಲ್ಲರೂ ನೋಡಿದ್ದೀರಿ. ಕಣ್ಣಾರೆ ಕಾಣದಿದ್ದರೆ ಹಂಪಿಯ ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಬಿದಿರ ಸೀಳುಗಳಿಂದ ಹೆಣೆದ ದುಂಡನೆಯ ದೊಡ್ಡ ಬುಟ್ಟಿ ಅದು. ಹೊರಮೈಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲವನ್ನೋ ದಪ್ಪ ಹಾಳೆಯನ್ನೋ ಹೊದಿಸಿ ಡಾಂಬರು ಬಳಿಯುತ್ತಾರೆ. ರಾಯಚೂರಿನ ಕೃಷ್ಣಾ ತೀರದಲ್ಲಿ ಅದನ್ನು ತೆಪ್ಪ ಎನ್ನುತ್ತಾರೆ, ಪುಟ್ಟಿ ಎಂದೂ ಕರೆಯುತ್ತಾರೆ. ಮೀನು ಹಿಡಿಯುವ ಸಣ್ಣ ಹರಿಗೋಲಾದರೆ ಒಬ್ಬನೇ ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ. ದೂರದಿಂದ ನೋಡುವವರಿಗೆ ಎರಡು ಕಾಲಿನ ಆಮೆಯೊಂದು ದಂಡೆ ಹತ್ತುತ್ತಿರುವಂತೆ ಕಾಣುತ್ತದೆ.

ಇದು ನಿನ್ನೆ ಮೊನ್ನೆಯ ವಸ್ತುವಲ್ಲ. ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊತ್ತು ಸಾಗುವ ಇವು ಇತರ ದೋಣಿಗಳಂತೆ ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂಬುದು ಅವನಿಗೆ ಸೋಜಿಗವಾಗಿ ತೋರಿತು. ಐನೂರು ವರ್ಷ ಕಳೆದರೂ ಹರಿಗೋಲು ತನ್ನ ಸ್ವಭಾವ ಬಿಟ್ಟಿಲ್ಲ. ಆನೆಗುಂದಿಯ ಎದುರು ದಂಡೆಗೆ ಇಂದು ಹೋಗಿ ಕುಳಿತರೂ ಅದೇ ಸುತ್ತು.

ಅದಕ್ಕೆ ಕಾರಣವೂ ಸರಳವೇ. ಹರಿಗೋಲಿಗೆ ಮುಂದು ಎಂಬುದಿಲ್ಲ, ಹಿಂದು ಎಂಬುದಿಲ್ಲ. ಅಡಿಯಲ್ಲಿ ನೀರನ್ನು ಸೀಳುವ ಏಣಿಲ್ಲ. ಹುಟ್ಟನ್ನು ಒಂದೇ ಮಗ್ಗುಲಿಗೆ ಹಾಕುತ್ತ ಹೋದರೆ ಅದು ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಬಲ್ಲ ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿಗೆ ಕುಳಿತು, ಎಡಕ್ಕೂ ಬಲಕ್ಕೂ ಹುಟ್ಟು ಆಡಿಸುತ್ತ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಪ್ರವಾಸಿಗಳು ಬಂದಾಗ ಬೇಕೆಂದೇ ಒಂದು ಮಗ್ಗುಲಿಗೆ ಹುಟ್ಟು ಹಾಕಿ ಗಿರಗಿರನೆ ತಿರುಗಿಸುತ್ತಾನೆ. ಕುಳಿತವರು ಕಿರುಚಿ ನಗುತ್ತಾರೆ, ಹಣ ಕೊಡುತ್ತಾರೆ. ನಮ್ಮ ಎಷ್ಟೋ ಮನೆಗಳು ಹೀಗೆಯೇ ಅಲ್ಲವೇ? ಅಪ್ಪ ದುಡಿಮೆಯ ಮಗ್ಗುಲಿಗೆ ಮಾತ್ರ ಹುಟ್ಟು ಹಾಕುತ್ತಾನೆ, ಅಮ್ಮ ಮಕ್ಕಳ ಮಾರ್ಕುಗಳ ಮಗ್ಗುಲಿಗೆ. ಮನೆಯವರೆಲ್ಲ ಬೆವರು ಸುರಿಸುತ್ತಾರೆ, ನೀರು ಚಿಮ್ಮುತ್ತದೆ, ದಂಡೆ ಮಾತ್ರ ಇದ್ದಲ್ಲೇ ಇರುತ್ತದೆ. ಹಣ ಕೊಟ್ಟು ತಿರುಗಿದವರಾದರೂ ನಗುತ್ತಾರೆ.

ಆದರೆ ನಾನು ಇಂದು ಹೇಳಲು ಹೊರಟಿದ್ದು ಹುಟ್ಟಿನ ವಿಷಯವಲ್ಲ, ಡಾಂಬರಿನ ವಿಷಯ.

ಕೆಲವು ವರ್ಷಗಳ ಹಿಂದೆ ವಿಜಯಪುರದಲ್ಲಿ ಸೇವೆಯಲ್ಲಿದ್ದಾಗ ಸಂಜೆಯ ಹೊತ್ತು ಭೂತನಾಳದ ಕೆರೆಯ ಕಡೆಗೆ ಹೋಗುವ ರೂಢಿ ಇತ್ತು. ನಗರಕ್ಕೆ ಕುಡಿಯುವ ನೀರು ಕೊಟ್ಟ ಹಳೆಯ ಕೆರೆ ಅದು. ನಮ್ಮ ಕಡೆಯವರಿಗೆ ನೀರೆಂದರೆ ಏನೆಂದು ಬೇರೆ ಜಿಲ್ಲೆಯವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಅವಿಭಜಿತ ಬಿಜಾಪುರ ಜಿಲ್ಲೆಗೆ ಐದು ನದಿಗಳ ನಾಡು ಎಂಬ ಹೆಸರಿತ್ತು, ಅದರ ಜೊತೆಗೇ ಬರದ ನಾಡು ಎಂಬ ಹೆಸರೂ ಇತ್ತು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎನ್ನುತ್ತಾರೆ. ಹರಿಯದ ವರ್ಷ ಓಣಿಯಲ್ಲಿ ಏನಿರುತ್ತದೆ ಎಂಬುದನ್ನು ಗಾದೆ ಹೇಳುವುದಿಲ್ಲ, ನಮ್ಮವರಿಗೆ ಗೊತ್ತು. ಹೀಗಾಗಿ ನೀರು ನಿಂತ ಒಂದು ಜಾಗ ಸಿಕ್ಕರೆ ಸಾಕು, ಸುಮ್ಮನೆ ಕುಳಿತು ನೋಡುವುದೇ ಒಂದು ಪ್ರಾರ್ಥನೆ.

ತಪಸ್ಸುಕಾಲದ ನಾಲ್ಕನೆಯ ವಾರವಿರಬೇಕು. ಬಿಸಿಲು ಇನ್ನೂ ಇಳಿದಿರಲಿಲ್ಲ. ಕೆರೆಯ ನೀರು ಹಿಂದಕ್ಕೆ ಸರಿದು ದಂಡೆಯ ಮಣ್ಣು ಬಿರುಕು ಬಿಟ್ಟಿತ್ತು. ಅಲ್ಲಿ ಒಂದು ಹರಿಗೋಲನ್ನು ಬೋರಲು ಹಾಕಿ, ಒಂದು ಅಂಚಿಗೆ ಕಲ್ಲು ಕೊಟ್ಟು ಎತ್ತಿ ಇಟ್ಟಿದ್ದರು. ಅರವತ್ತರ ಆಸುಪಾಸಿನ ಒಬ್ಬ ವ್ಯಕ್ತಿ ಡಬ್ಬಿಯಲ್ಲಿ ಡಾಂಬರು ಕಾಸಿ, ಕೋಲಿಗೆ ಅರಿವೆ ಸುತ್ತಿ ಬಳಿಯುತ್ತಿದ್ದರು.

“ಫಾದರ್, ಆ ಕಡೆ ನಿಂದರ್ರಿ, ಸಿಡೀತದ,” ಎಂದರು. ನಾನು ಸರಿದು ನಿಂತೆ.

ಸ್ವಲ್ಪ ಹೊತ್ತು ನೋಡಿದ ಮೇಲೆ ನನಗೊಂದು ವಿಚಿತ್ರ ಕಂಡಿತು. ಹರಿಗೋಲಿನ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಸದ್ದು ಬಂದ ಜಾಗವನ್ನು ಇವರು ಬೆರಳಿನಿಂದ ಸವರಿ ಹುಡುಕಿ, ಅಲ್ಲಿಗೆ ಡಾಂಬರು ಹಚ್ಚುತ್ತಿದ್ದರು. ಮತ್ತೆ ಬೇರೆ ಕಡೆ ಟಕ್ ಟಕ್. ಮತ್ತೆ ಡಾಂಬರು. ಏನಿದು ಎಂದು ಕೇಳಿದೆ.

“ತೂತ ನೀರಾಗ ಹುಡಕಬಾರದ್ರಿ. ನೀರಾಗ ಹುಡಕಾಕ ಹೋದ್ರ ಮನಷ್ಯಾನೂ ಉಳಿಯಂಗಿಲ್ಲ, ಬಲಿನೂ ಉಳಿಯಂಗಿಲ್ಲ. ದಂಡಿ ಮ್ಯಾಲ, ಬಿಸಲಾಗ ಹುಡಕಬೇಕು. ಒಳಗ ಕುಂತವಗ ಸೂಜಿ ಮೊನಿಯಷ್ಟು ಬೆಳಕ ಕಾಣತದ. ಬೆಳಕ ಎಲ್ಲಿಂದ ಬರತದ, ನೀರೂ ಅಲ್ಲಿಂದನ ಬರತದ.”

ಒಳಗೆ ಯಾರಿದ್ದಾರೆ ಎಂದೆ.

“ನಮ್ಮ ತಮ್ಮರಿ.”

“ಕೋಲಿನಿಂದ ಯಾಕೆ ಬಡಿಯುತ್ತಾನೆ? ಬಾಯಿಂದ ಹೇಳಿದರೆ ಆಗುವುದಿಲ್ಲವೇ?”

ಅವರು ಅರಿವೆಯ ಕೋಲನ್ನು ಡಬ್ಬಿಯಲ್ಲಿ ಅದ್ದಿದರು. “ನಾವು ಮಾತಾಡಂಗಿಲ್ರಿ. ಎಂಟ ವರ್ಷ ಆತು.”

ತಂದೆ ತೀರಿಕೊಂಡ ಮೇಲೆ ಮನೆಯ ನಡುವೆ ಗೋಡೆ ಎಬ್ಬಿಸುವಾಗ ಒಂದು ಮೊಳ ಜಾಗಕ್ಕೆ ಶುರುವಾದ ಜಗಳವಂತೆ. ಪಾತ್ರೆ ಹಂಚಿಕೊಂಡರು. ಎಮ್ಮೆ ಮಾರಿ ರೊಕ್ಕ ಹಂಚಿಕೊಂಡರು. ಬಲೆಗಳನ್ನೂ ಹಂಚಿಕೊಂಡರು. ಹರಿಗೋಲಿನ ಹತ್ತಿರ ಬಂದು ನಿಂತರು. ಹರಿಗೋಲನ್ನು ನಡುವೆ ಕೊಯ್ದರೆ ಎರಡು ಹರಿಗೋಲಾಗುವುದಿಲ್ಲ, ಎರಡು ಮೊರವೂ ಆಗುವುದಿಲ್ಲ. ಒಬ್ಬರಿಗೆ ಒಂದು ದಿನ, ಇನ್ನೊಬ್ಬರಿಗೆ ಮರುದಿನ ಎಂದು ಹಿರಿಯರು ತೀರ್ಮಾನ ಮಾಡಿದರಂತೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಡಾಂಬರು ಹಚ್ಚುವ ದಿನ ಮಾತ್ರ ಇಬ್ಬರೂ ಬರಲೇಬೇಕು.

“ಒಬ್ಬನ ಒಳಗ ಕುಂತು ಹೊರಗ ಹಚ್ಚಾಕ ಬರೂದಿಲ್ಲಲ್ರಿ, ಫಾದರ್.”

ಪ್ರಿಯರೇ, ಆ ರಾತ್ರಿ ನಾನು ಬೈಬಲ್ ತೆರೆದು ಆದಿಕಾಂಡದ ಆರನೆಯ ಅಧ್ಯಾಯ ಓದಿದೆ. ನಾವೆಯನ್ನು ಕಟ್ಟುವಂತೆ ನೋವನಿಗೆ ಅಪ್ಪಣೆ ಕೊಡುವಾಗ ದೇವರು ಅದಕ್ಕೆ ರಾಳ ಬಳಿಯಲು ಹೇಳುತ್ತಾರೆ. ಹೊರಗೆ ಮಾತ್ರವಲ್ಲ, ಒಳಗೂ ಹೊರಗೂ. ಎಷ್ಟೋ ಸಲ ಓದಿದ್ದ ವಾಕ್ಯ, ಆದರೆ ಆ ‘ಒಳಗೂ’ ಎಂಬ ಪದದ ಮೇಲೆ ಅದುವರೆಗೆ ನನ್ನ ಕಣ್ಣು ನಿಂತಿರಲಿಲ್ಲ. ಜಲಪ್ರಳಯದ ಕಥೆ ನೆರೆಯ ಬಾಬಿಲೋನಿಯದಲ್ಲೂ ಇತ್ತೆಂಬುದು ನಿಮಗೆ ತಿಳಿದಿರಬಹುದು. ಸುಮಾರು 3,700 ವರ್ಷ ಹಳೆಯ ಒಂದು ಜೇಡಿಮಣ್ಣಿನ ಫಲಕವನ್ನು ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ಇರ್ವಿಂಗ್ ಫಿಂಕೆಲ್ ಓದಿ 2014ರಲ್ಲಿ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಪ್ರಳಯದಿಂದ ಪಾರಾಗಲು ಕಟ್ಟಬೇಕಾದ ನಾವೆ ದುಂಡಗಿದೆ! ಹಗ್ಗದಿಂದ ಹೆಣೆದು, ಡಾಂಬರು ಮೆತ್ತಿದ ಒಂದು ಭಾರೀ ಹರಿಗೋಲು. ಇರಾಕಿನ ನದಿಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಅಂಥ ದುಂಡು ದೋಣಿಗಳು ಓಡಾಡುತ್ತಿದ್ದವು. ನಮ್ಮ ಪವಿತ್ರ ಗ್ರಂಥದ ನಾವೆಯ ಆಕಾರ ಬೇರೆ, ಅದರ ಸಂದೇಶವೂ ಬೇರೆ. ಆದರೂ ಡಾಂಬರಿನ ವಾಸನೆ ಎರಡರಲ್ಲೂ ಒಂದೇ.

ಇನ್ನೊಂದು ಸಂಗತಿ. ಹೀಬ್ರೂ ಭಾಷೆಯ ಮೂಲದಲ್ಲಿ ನೋವನ ನಾವೆಗೆ ಬಳಸಿರುವ ‘ತೇವಾ’ ಎಂಬ ಪದ ಬೈಬಲ್ಲಿನಲ್ಲಿ ಇನ್ನೊಂದೇ ಕಡೆ ಬರುತ್ತದೆ. ಎಲ್ಲಿ ಗೊತ್ತೇ? ಹಸುಗೂಸು ಮೋಶೆಯನ್ನು ಇಟ್ಟು ನೈಲ್ ನದಿಯ ಆಪಿನ ನಡುವೆ ಬಿಟ್ಟ ಬುಟ್ಟಿಗೆ. ಒಂದರಲ್ಲಿ ಆನೆ, ಒಂಟೆ, ಸಕಲ ಜೀವಜಾತಿ. ಇನ್ನೊಂದರಲ್ಲಿ ಮೂರು ತಿಂಗಳ ಒಂದು ಮಗು. ದೇವರ ಲೆಕ್ಕದಲ್ಲಿ ಎರಡಕ್ಕೂ ಒಂದೇ ಹೆಸರು. ವಿಮೋಚನಾಕಾಂಡದ ಎರಡನೆಯ ಅಧ್ಯಾಯವನ್ನು ತಾಯಂದಿರು ಒಮ್ಮೆ ನಿಧಾನವಾಗಿ ಓದಬೇಕು. ಮಗುವನ್ನು ಬುಟ್ಟಿಯಲ್ಲಿಟ್ಟ ತಾಯಿ ಅದಕ್ಕೆ ಮೊದಲು ಕೂತು ಆ ಬುಟ್ಟಿಗೆ ಜೇಡಿಯನ್ನೂ ರಾಳವನ್ನೂ ಬಳಿಯುತ್ತಾಳೆ. ಫರೋಹನ ಆಳುಗಳು ಗಂಡುಮಕ್ಕಳನ್ನು ನದಿಗೆ ಎಸೆಯುತ್ತಿದ್ದ ಕಾಲ. ಕಣ್ಣೀರು ಸುರಿಸುತ್ತಲೇ ಬಳಿದಿರಬೇಕು, ಆದರೆ ಒಂದು ಸಂದನ್ನೂ ಬಿಟ್ಟಿರಲಾರಳು. ದೇವರ ಮೇಲೆ ಭಾರ ಹಾಕಿದೆ ಎನ್ನುವ ನಾವು ಎಷ್ಟೋ ಸಲ ರಾಳ ಬಳಿಯದೆ ಬುಟ್ಟಿಯನ್ನು ನೀರಿಗೆ ಬಿಟ್ಟಿರುತ್ತೇವೆ.

ಹಾಗೆ ಬಿಟ್ಟವರೂ ಚರಿತ್ರೆಯಲ್ಲಿ ಇದ್ದಾರೆ. 891ರಲ್ಲಿ ಐರ್ಲೆಂಡಿನ ಮೂವರು ಹುಟ್ಟೇ ಇಲ್ಲದ ಒಂದು ಚರ್ಮದ ದೋಣಿ ಹತ್ತಿ, ವಾರಕ್ಕಾಗುವಷ್ಟು ಆಹಾರ ಇಟ್ಟುಕೊಂಡು, ದೇವರ ಪ್ರೀತಿಗಾಗಿ ಎಲ್ಲಿಗಾದರೂ ಸರಿ ಎಂದು ಸಮುದ್ರಕ್ಕೆ ಇಳಿದರು. ಎರಡೂವರೆ ಚರ್ಮದಲ್ಲಿ ಮಾಡಿದ ದೋಣಿ ಎಂದು ಇಂಗ್ಲೆಂಡಿನ ಅಂದಿನ ವೃತ್ತಾಂತ ಲೆಕ್ಕ ಸಹಿತ ಬರೆದಿದೆ. ಏಳು ರಾತ್ರಿಗಳ ಮೇಲೆ ಕಾರ್ನ್‌ವಾಲ್ ತೀರ ಸೇರಿ, ದೊರೆ ಆಲ್ಫ್ರೆಡನ ಬಳಿಗೆ ಹೋದರಂತೆ. ಅದು ಯಾತ್ರಿಕರ ಧೈರ್ಯ. ಸಂಸಾರ ನಡೆಸುವವರಿಗೆ ನಾನು ಅದನ್ನು ಸೂಚಿಸಲಾರೆ. ಅವರೂ ಚರ್ಮದ ಹೊಲಿಗೆಯನ್ನು ಬಿಗಿಯಾಗಿಯೇ ಹಾಕಿದ್ದರೆಂಬುದನ್ನು ಮರೆಯಬಾರದು.

ನದಿಯನ್ನು ಉಪಮೆಯಾಗಿ ಬಳಸುವುದು ನಮಗೆ ಉಪದೇಶಿಗಳಿಗೆ ಸುಲಭ. ಆದ್ದರಿಂದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2020ರ ಆಗಸ್ಟ್ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಕೃಷ್ಣಾ ನಡುಗಡ್ಡೆಗೆ ಮರಳುತ್ತಿದ್ದ ತೆಪ್ಪವೊಂದು ತುಂಬಿದ ಹೊಳೆಯಲ್ಲಿ ಮಗುಚಿತು. ಸಂತೆ ಸಾಮಾನು ಹಿಡಿದು ಮನೆಗೆ ಹೊರಟಂಥ ಸಾಮಾನ್ಯ ಜನ, ಕೆಲವರು ನೀರುಪಾಲಾದರು. ಅಲ್ಲಿಯವರು ಸೇತುವೆಗಾಗಿ ವರ್ಷಗಟ್ಟಲೆ ಕೇಳುತ್ತ ಬಂದಿದ್ದರು. ಇದನ್ನು ನಾನು ಉಪಮೆ ಮಾಡುವುದಿಲ್ಲ. ಅವರ ಆತ್ಮಕ್ಕೆ ಶಾಂತಿ ಕೋರಿ ಒಂದು ಪ್ರಾರ್ಥನೆ ಸಲ್ಲಿಸಿ, ಹೊಳೆ ದಾಟುವ ಬಡವರ ಪರವಾಗಿ ಕೇಳಬೇಕಾದವರನ್ನು ಕೇಳೋಣ.

ಈಗ ಮತ್ತೆ ಭೂತನಾಳಕ್ಕೆ ಬರೋಣ.

ಪ್ರಭು ಯೇಸು ಗಲಿಲೇಯ ಸರೋವರದ ದಂಡೆಯಲ್ಲಿ ಮೊದಲು ಕರೆದ ನಾಲ್ವರು ಯಾರು? ಸಿಮೋನ ಮತ್ತು ಅಂದ್ರೆಯ, ಅಣ್ಣತಮ್ಮಂದಿರು. ಯಕೋಬ ಮತ್ತು ಯೊವಾನ್ನ, ಅವರೂ ಅಣ್ಣತಮ್ಮಂದಿರು. ಪ್ರಭು ಕರೆದಾಗ ಯಕೋಬ ಯೊವಾನ್ನರು ತಂದೆಯ ಜೊತೆ ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರೆಂದು ಸಂತ ಮತ್ತಾಯ ಬರೆಯುತ್ತಾರೆ. 1986ರಲ್ಲಿ ಬರಗಾಲದಿಂದ ಆ ಸರೋವರದ ನೀರು ಇಳಿದಾಗ ಕೆಸರಿನಲ್ಲಿ ಪ್ರಭುವಿನ ಕಾಲದ ಸುಮಾರಿನ ಒಂದು ಮೀನುಗಾರರ ದೋಣಿ ಸಿಕ್ಕಿತು. ಕಂಡವರೂ ಮೀನುಗಾರರಾದ ಇಬ್ಬರು ಸಹೋದರರೇ. ಪರೀಕ್ಷಿಸಿ ನೋಡಿದರೆ ಅದರಲ್ಲಿ ಹತ್ತು ಹನ್ನೆರಡು ಜಾತಿಯ ಮರದ ತುಂಡುಗಳು! ಒಡೆದಂತೆಲ್ಲ ಕೈಗೆ ಸಿಕ್ಕ ಮರದಿಂದ ತೇಪೆ ಹಾಕುತ್ತ ಬಡವರು ವರ್ಷಗಟ್ಟಲೆ ನಡೆಸಿದ ದೋಣಿ. ಪೇತ್ರನ ದೋಣಿ ಎಂದೊಡನೆ ನಮ್ಮ ದೇವಾಲಯಗಳ ಚಿತ್ರಗಳಲ್ಲಿ ಕಾಣುವ ಬಿಳಿಯ ಹಾಯಿ, ಹೊಳೆಯುವ ಹಲಗೆ ನೆನಪಾಗುತ್ತದೆ. ನಿಜವಾದದ್ದು ಹೀಗಿರಬೇಕು, ತೇಪೆಯ ಮೇಲೆ ತೇಪೆ.

ಆ ಇಬ್ಬರು ಸಹೋದರರ ಕೋಲಿನ ಸದ್ದು ಅಂದು ರಾತ್ರಿಯೆಲ್ಲ ನನ್ನ ಕಿವಿಯಲ್ಲಿತ್ತು. ಕಾರಣವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನನಗೂ ಒಬ್ಬ ಅಣ್ಣನಿದ್ದಾನೆ. ನಾವಿಬ್ಬರೂ ಮಾತು ಬಿಟ್ಟು ಆಗ ಆರು ವರ್ಷವಾಗಿತ್ತು. ಅವರ ನಡುವೆ ಕೋಲಿನ ಸದ್ದಾದರೂ ಇತ್ತು, ನಮ್ಮ ನಡುವೆ ಅದೂ ಇರಲಿಲ್ಲ.

ನಮ್ಮ ಅವ್ವ ತೀರಿಕೊಂಡದ್ದು ಪಾಸ್ಕ ಹಬ್ಬ ಮುಗಿದ ವಾರದಲ್ಲಿ. ಸುದ್ದಿ ಬಂದು ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪೂಜೆ ನಾನೇ ಅರ್ಪಿಸಿದೆ. ಮಣ್ಣು ಕೊಟ್ಟು ಬಂದು ಬಂಧುಬಳಗದವರು ಊಟಕ್ಕೆ ಕುಳಿತಾಗ, ದುಃಖವೋ ಅಹಂಕಾರವೋ, ಪಂಕ್ತಿಯ ನಡುವೆ ನಿಂತು ಅಣ್ಣನಿಗೆ ಹೇಳಿಬಿಟ್ಟೆ: ಎರಡು ದಿನ ಮೊದಲು ದವಾಖಾನೆಗೆ ಒಯ್ದಿದ್ದರೆ ಅವ್ವ ಉಳಿಯುತ್ತಿದ್ದಳು, ರೊಕ್ಕದ ಮುಖ ನೋಡಿ ಕೂತೆಯೇನು ಎಂದು. ಅಣ್ಣ ತಲೆ ಎತ್ತಲಿಲ್ಲ. ಬಡಿಸುತ್ತಿದ್ದ ವೈನಿಯ ಕೈಯಲ್ಲಿನ ಸೌಟು ನಿಂತಿತು. ಅಂದಿನಿಂದ ಅವನು ನನಗೆ ಪತ್ರ ಬರೆಯಲಿಲ್ಲ, ಫೋನು ಮಾಡಲಿಲ್ಲ. ತಪ್ಪು ಅವನದು, ಅದಕ್ಕೇ ಮುಖ ತೋರಿಸುವುದಿಲ್ಲ ಎಂದುಕೊಂಡು ನಾನು ಸುಮ್ಮನಿದ್ದೆ. ಆ ಆರು ವರ್ಷಗಳಲ್ಲಿ ಕ್ಷಮೆಯ ಬಗ್ಗೆ ಎಷ್ಟು ಪ್ರಬೋಧನೆ ಮಾಡಿದೆನೋ ಲೆಕ್ಕವಿಲ್ಲ. ಎಷ್ಟು ಜನರ ಪಾಪನಿವೇದನೆ ಕೇಳಿದೆನೋ! ಗಂಡಹೆಂಡಿರನ್ನು ಕೂಡಿಸಿದೆ, ಗದ್ದೆಯ ಬದುವಿನ ಜಗಳ ಬಿಡಿಸಿದೆ. ಹೊರಗೆಲ್ಲ ಡಾಂಬರು ಹಚ್ಚುವವನು ನಾನೇ. ನನ್ನ ಬುಟ್ಟಿಯ ಒಳಗೆ ಕುಳಿತು ಇಲ್ಲಿ ತೂತಿದೆ ಎಂದು ಬಡಿಯಬೇಕಾದವನನ್ನು ಮಾತ್ರ ದೂರ ಇಟ್ಟಿದ್ದೆ.

ಇಲ್ಲಿ ಒಂದು ವಿಷಯ ಗಮನಿಸಿ. ತೂತು ಕಾಣುವುದು ಒಳಗೆ ಕುಳಿತವನಿಗೆ. ಹಚ್ಚಲು ಆಗುವುದು ಹೊರಗೆ ನಿಂತವನಿಗೆ. ನಮ್ಮ ಮನೆಯ ತೂತು ಎಲ್ಲಿದೆ ಎಂದು ಊರವರಿಗಿಂತ ಚೆನ್ನಾಗಿ ಬಲ್ಲವರು ಮನೆಯೊಳಗಿನವರು: ಹೆಂಡತಿ, ಗಂಡ, ಒಡಹುಟ್ಟಿದವರು, ಬೆಳೆದ ಮಕ್ಕಳು. ಅವರು ಕೋಲಿನಿಂದ ಬಡಿದಾಗ ನಮಗೆ ಸಿಟ್ಟು ಬರುತ್ತದೆ. ಮಗಳು “ಅಪ್ಪಾ, ನೀವು ಕುಡಿದು ಬಂದ ದಿನ ಅಮ್ಮ ಉಣ್ಣುವುದಿಲ್ಲ” ಎಂದರೆ ಅದು ಎದುರು ಮಾತಲ್ಲ, ಕೋಲಿನ ಸದ್ದು. ಪಾಪನಿವೇದನೆಯ ಸಂಸ್ಕಾರಕ್ಕೆ ಬರುವಾಗ ನಾವು ಹೊರಗಿನಿಂದ ಕಾಣುವ ದೊಡ್ಡ ಹರಕುಗಳನ್ನು ಮಾತ್ರ ಹೇಳಿ ಹೋಗುತ್ತೇವೆ. ಬೆಳಕಿಗೆ ಎದುರಾಗಿ ಒಳಗೆ ಕುಳಿತು ನೋಡಿದರೆ ತಾನೇ ಸೂಜಿ ಮೊನೆಯಷ್ಟು ತೂತು ಕಾಣುವುದು? ಹರಿಗೋಲು ಮುಳುಗುವುದು ದೊಡ್ಡ ಹರಕಿನಿಂದಲೇ ಎಂದೇನಿಲ್ಲ. ನಡು ನೀರಿನಲ್ಲಿ ಬಲೆ ಎಳೆಯುವಾಗ ಪಾದಕ್ಕೆ ತಣ್ಣಗೆ ತಾಗುವ ನೀರು ಎಲ್ಲಿಂದ ಬಂತು ಎಂದೇ ತಿಳಿಯುವುದಿಲ್ಲ.

ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯ, 23 ಮತ್ತು 24ನೆಯ ವಾಕ್ಯಗಳು ನಿಮಗೆ ಬಾಯಿಪಾಠವಾಗಿರಬಹುದು. ಬಲಿಪೀಠದ ಬಳಿಗೆ ಕಾಣಿಕೆ ತಂದಾಗ ಸೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎನ್ನುತ್ತಾರೆ ಪ್ರಭು. ನಿನಗೆ ಅವನ ಮೇಲೆ ಇದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ. ಯಾರು ಸರಿ, ಯಾರು ತಪ್ಪು ಎಂಬ ತೀರ್ಪನ್ನು ಕಾಯಬೇಕೆಂದು ಅಲ್ಲಿ ಇಲ್ಲ. ದಿನವೂ ಬಲಿಪೀಠದ ಎದುರು ನಿಲ್ಲುವ ನನಗೆ ಈ ವಾಕ್ಯ ಯಾರಿಗಿಂತ ಹೆಚ್ಚು ಹತ್ತಿರದಲ್ಲಿತ್ತು. ಆದರೆ ಡಾಂಬರಿನ ಹೊಗೆ ಕಣ್ಣಿಗೆ ತಾಗುವವರೆಗೆ ಅದು ಬರಿಯ ಅಕ್ಷರವಾಗಿತ್ತು.

ಗರಿಗಳ ಭಾನುವಾರದ ಮರುದಿನ ಬಸ್ಸು ಹತ್ತಿ ಊರಿಗೆ ಹೋದೆ. ಹೊರಡುವ ಮೊದಲು ಭೂತನಾಳದ ಕಡೆಗೆ ಒಮ್ಮೆ ಹೋಗಿ ಆ ಇಬ್ಬರನ್ನು ನೋಡಬೇಕೆನಿಸಿತ್ತು, ಆಗಲಿಲ್ಲ. ಮುಂದೆ ಕೆಲವೇ ತಿಂಗಳಲ್ಲಿ ನನಗೆ ಬೇರೆ ಧರ್ಮಕೇಂದ್ರಕ್ಕೆ ವರ್ಗವಾಯಿತು. ಅವರು ಮಾತಾಡಿದರೋ, ಇಂದಿಗೂ ಕೋಲಿನಿಂದ ಬಡಿಯುತ್ತಾರೋ, ತಿಳಿಯಲಿಲ್ಲ.

ಊರಲ್ಲಿ ಬಾಗಿಲು ತೆರೆದದ್ದು ವೈನಿ. ನನ್ನನ್ನು ಕಂಡು ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು, ಒಂದು ಮಾತೂ ಆಡಲಿಲ್ಲ. ಅಣ್ಣ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ನಿಂತೇ ಹೇಳಿದೆ: “ಅಣ್ಣಾ, ಅವತ್ತು ಪಂಕ್ತ್ಯಾಗ ನಾ ಆಡಿದ್ದು ತಪ್ಪಾತು.”

ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದ:

“ಎರಡ ಸಲ ಒಯ್ದಿದ್ದೆ. ಹಸರ ಎಮ್ಮಿ ಮಾರಿ ಒಯ್ದಿದ್ದೆ. ಎರಡೂ ಸಲ ಅವ್ವ ಕೈ ಹಿಡದು ಹೇಳಿದ್ಲು, ಸಣ್ಣವಗ ಹೇಳಬ್ಯಾಡ, ಅವಗ ಪವಿತ್ರ ವಾರದ ಕೆಲಸ ಅದಾವು, ಹಬ್ಬ ಮುಗೀಲಿ ಅಂತ.”

ನನ್ನ ಕಾಲು ಕುಸಿದಂತಾಯಿತು. ಹಾಗಾದರೆ ಅಂದೇ ಯಾಕೆ ಹೇಳಲಿಲ್ಲ, ಅಷ್ಟು ಜನರ ಮುಂದೆ ನಾನು ಹಾಗೆ ಅಂದಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

ಅಣ್ಣ ಮೊದಲ ಸಲ ನನ್ನ ಮುಖ ನೋಡಿದ. “ನೀ ನಿಲುವಂಗಿ ಹಾಕ್ಕೊಂಡು ನಿಂತಿದ್ದಿ. ಮಂದಿ ಮುಂದ ಗುರುಗಳನ್ನ ಸುಳ್ಳ ಮಾಡ್ಲೇನು?”

ಆರು ವರ್ಷ ಅವನು ಆ ಮಾತನ್ನು ನನಗಾಗಿ ಹೊತ್ತುಕೊಂಡಿದ್ದ. ನಾನು ಅದನ್ನೇ ಅವನ ತಪ್ಪಿಗೆ ಸಾಕ್ಷಿ ಎಂದುಕೊಂಡಿದ್ದೆ.

ಇಬ್ಬರೂ ಸುಮ್ಮನೆ ಕುಳಿತೆವು. ಹೊರಗೆ ಕತ್ತಲಾಯಿತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳತೊಡಗಿತು. ಅಣ್ಣ ಹೊಸೆದ ಹಗ್ಗವನ್ನು ಸುರುಳಿ ಸುತ್ತಿ ಗೂಟಕ್ಕೆ ಹಾಕಿ, ಅಡುಗೆಮನೆಯ ಕಡೆಗೆ ತಿರುಗಿ, “ಎರಡ ತಾಟ ಹಚ್ಚು,” ಎಂದ.